ಹೂ ಬಿಟ್ಟ ಖರ್ಜೂರದ ಮರ ಹಣ್ಣು ಕೊಡದಿದ್ದಾಗ: ಹೊಂಬಾಳೆಯಿಂದ ಡಬ್ಬಿಯವರೆಗೆ ಸಮಗ್ರ ಮಾರ್ಗದರ್ಶಿ

ಮರ ಹೊಂಬಾಳೆ ಬಿಟ್ಟಿದೆ, ಎಳೆಗಾಯಿಗಳೂ ಕಾಣಿಸಿಕೊಂಡಿವೆ, ಆದರೆ ತಿಂಗಳುಗಳು ಕಳೆದರೂ ಅವು ದಪ್ಪವಾಗಲಿಲ್ಲ. ಸೀಳಿ ನೋಡಿದರೆ ಬೀಜವಿಲ್ಲ, ಬಾಯಿಗಿಟ್ಟರೆ ಬರಿಯ ಒಗರು. ಖರ್ಜೂರ ಬೆಳೆಯಲು ಹೊರಟವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಎಡವಿದ ಮೇಲೆ ಬಹುತೇಕ ಎಲ್ಲರೂ ಕೇಳುವ ಪ್ರಶ್ನೆ ಯಾವ ಗೊಬ್ಬರ ಹಾಕಬೇಕು ಎಂಬುದು. ಗೊಬ್ಬರದಿಂದ ಇದು ಸರಿಹೋಗುವುದಿಲ್ಲ. ಖರ್ಜೂರದ ಮರ ವರ್ಷದ ಉಳಿದ ದಿನಗಳಲ್ಲಿ ಸಾಕಷ್ಟು ಅಲಕ್ಷ್ಯವನ್ನು ತಾಳಿಕೊಳ್ಳುತ್ತದೆ, ಆದರೆ ಹೊಂಬಾಳೆ ಬಿರಿದ ಮೂರು ನಾಲ್ಕು ದಿನಗಳಲ್ಲಿ ತಾಳಿಕೊಳ್ಳುವುದಿಲ್ಲ. ಆಗ ಆಗಬೇಕಾದ ಕೆಲಸ, ಅಂದರೆ ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ತಲುಪಿಸುವ ಪರಾಗಸ್ಪರ್ಶ, ತಪ್ಪಿದರೆ, ಅನಂತರ ಎಷ್ಟೇ ಆರೈಕೆ ಮಾಡಿದರೂ ಆ ವರ್ಷದ ಫಸಲು ಮರಳಿ ಬರುವುದಿಲ್ಲ.

ಆದುದರಿಂದ ಕೆಳಗಿನ ಹಂತಗಳನ್ನು ಕೆಲಸ ನಡೆಯಬೇಕಾದ ಕ್ರಮದಲ್ಲಿಯೇ ಕೊಟ್ಟಿದೆ. ಪರಾಗಸ್ಪರ್ಶದ ಹಂತವನ್ನು ಉಳಿದವಕ್ಕಿಂತ ವಿಸ್ತಾರವಾಗಿ ಬರೆಯಲಾಗಿದೆ, ಏಕೆಂದರೆ ಸೋಲುಗಳ ಬಹುಪಾಲು ಅಲ್ಲಿಯೇ ಆಗುತ್ತದೆ.

ಬೇಕಾಗುವ ಸಲಕರಣೆಗಳು

ಹಲ್ಲುಗಳಿರುವ ಗರಗಸ ಅಥವಾ ಬಾಗಿದ ಹರಿತ ಕತ್ತಿ, ಗಟ್ಟಿ ಕತ್ತರಿ, ದಪ್ಪ ಚರ್ಮದ ಕೈಗವಸು, ಕಣ್ಣಿಗೆ ರಕ್ಷಣಾ ಕನ್ನಡಕ, ಮರದ ಎತ್ತರಕ್ಕೆ ತಕ್ಕ ಭದ್ರವಾದ ಏಣಿ ಮತ್ತು ಸೊಂಟಕ್ಕೆ ಕಟ್ಟುವ ಸುರಕ್ಷಾ ಪಟ್ಟಿ ಮೊದಲು ಕೈಸೇರಬೇಕು. ಪರಾಗಕ್ಕಾಗಿ ಶುಭ್ರ ಕಾಗದ, ಸಣ್ಣ ಕಣ್ಣಿನ ಜರಡಿ, ಬಿಗಿ ಮುಚ್ಚಳದ ಗಾಜಿನ ಸೀಸೆ, ತೇವ ಹೀರುವ ಸಿಲಿಕಾ ಜೆಲ್, ಟಾಲ್ಕ್ ಪುಡಿ ಮತ್ತು ಮೃದುವಾದ ಕುಂಚ ಬೇಕಾಗುತ್ತವೆ. ಗೊನೆಗಳಿಗಾಗಿ ಹತ್ತಿಯ ದಾರ, ಕಂದು ಕಾಗದದ ಚೀಲಗಳು ಮತ್ತು ಗಾಳಿಯಾಡುವ ಬಲೆಚೀಲಗಳು ಬೇಕು. ಇವುಗಳ ಜೊತೆಗೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಯಾವ ಹೊಂಬಾಳೆ ಯಾವ ದಿನ ಬಿರಿಯಿತು, ಅದಕ್ಕೆ ಯಾವ ದಿನ ಪರಾಗ ಹಾಕಲಾಯಿತು ಎಂಬುದನ್ನು ಬರೆದಿಡದವರು ಮೂರನೆಯ ವಾರಕ್ಕೆ ಲೆಕ್ಕ ತಪ್ಪಿ ಊಹೆಯ ಮೇಲೆ ಕೆಲಸ ಮಾಡತೊಡಗುತ್ತಾರೆ.

ಹಂತ 1: ಮರ ಹೆಣ್ಣೋ ಗಂಡೋ ಎಂದು ಖಚಿತಪಡಿಸಿಕೊಳ್ಳುವುದು

ಖರ್ಜೂರದಲ್ಲಿ ಹೆಣ್ಣು ಹೂ ಮತ್ತು ಗಂಡು ಹೂ ಬೇರೆ ಬೇರೆ ಮರಗಳಲ್ಲಿ ಬಿಡುತ್ತವೆ. ಬೀಜದಿಂದ ಹುಟ್ಟಿದ ಸಸಿಗಳಲ್ಲಿ ಸರಿಸುಮಾರು ಅರ್ಧದಷ್ಟು ಗಂಡಾಗಿರುತ್ತವೆ. ಎಲೆ, ಕಾಂಡ ಅಥವಾ ಮುಳ್ಳನ್ನು ನೋಡಿ ಲಿಂಗವನ್ನು ಹೇಳಲು ಸಾಧ್ಯವಿಲ್ಲವಾದ್ದರಿಂದ ಮೊದಲ ಹೂವಿನವರೆಗೆ ಹಲವು ವರ್ಷ ಕಾಯಲೇಬೇಕಾಗುತ್ತದೆ. ಅಷ್ಟು ಕಾದ ಮೇಲೆ ಹೆಣ್ಣೇ ಆಗಿದ್ದರೂ ತಾಯಿಮರದ ಹಣ್ಣಿನ ಗುಣ ಅದರಲ್ಲಿ ಬರುತ್ತದೆಂಬ ಭರವಸೆಯಿಲ್ಲ. ತಿಂದ ಹಣ್ಣಿನ ಬೀಜ ನೆಟ್ಟು ಅದೇ ಹಣ್ಣನ್ನು ನಿರೀಕ್ಷಿಸುವುದು ಈ ಬೆಳೆಯಲ್ಲಿ ಎಲ್ಲಕ್ಕಿಂತ ದುಬಾರಿಯಾದ ತಪ್ಪು, ಏಕೆಂದರೆ ಅದು ತಪ್ಪೆಂದು ತಿಳಿಯುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ.

ಹೂ ಬಂದಾಗ ಗುರುತಿಸುವುದು ಸುಲಭ. ಗಂಡು ಹೊಂಬಾಳೆಯ ಒರೆ (ಹೂಗೊಂಚಲನ್ನು ಮುಚ್ಚಿರುವ ಹೊರಕವಚ) ಗಿಡ್ಡವಾಗಿ ಅಗಲವಾಗಿರುತ್ತದೆ. ಒಳಗಿನ ಕಡ್ಡಿಗಳು ಚಿಕ್ಕವಾಗಿ ತುದಿಯಲ್ಲಿ ಒತ್ತೊತ್ತಾಗಿ ನೆರೆದಿರುತ್ತವೆ, ಹೂಗಳು ಮೇಣದಂತೆ ಬಿಳಿಯಾಗಿದ್ದು ಸುವಾಸನೆ ಬೀರುತ್ತವೆ, ಅಲುಗಿಸಿದರೆ ಹಿಟ್ಟಿನಂತಹ ಪರಾಗ ಉದುರುತ್ತದೆ. ಹೆಣ್ಣು ಹೊಂಬಾಳೆಯ ಒರೆ ಉದ್ದವಾಗಿ ಕಿರಿದಾಗಿರುತ್ತದೆ. ಅದರ ಕಡ್ಡಿಗಳ ಮೇಲೆ ಹಳದಿ ಮಿಶ್ರಿತ ಹಸಿರು ಬಣ್ಣದ, ಮಣಿಯಂತೆ ದುಂಡಗಿನ ಹೂಗಳು ಅಂತರ ಬಿಟ್ಟು ಕೂತಿರುತ್ತವೆ.

ಹೊಸದಾಗಿ ಗಿಡ ಹಾಕುವವರು ಗುಣ ಗೊತ್ತಿರುವ ತಾಯಿಮರದ ಬುಡದಲ್ಲಿ ಬರುವ ಕಂದುಗಳನ್ನು ಅಥವಾ ಅಂಗಾಂಶ ಕೃಷಿಯ ಸಸಿಗಳನ್ನು ಆರಿಸಿಕೊಳ್ಳಬೇಕು. ಕಂದು 3ರಿಂದ 5 ವರ್ಷದ್ದಾಗಿರಬೇಕು, ಸುಮಾರು 10ರಿಂದ 25 ಕಿಲೋ ತೂಗಬೇಕು ಮತ್ತು ಅದಕ್ಕೆ ಸ್ವಂತ ಬೇರುಗಳಿರಬೇಕು. ಬೇರಿಲ್ಲದ ಸಣ್ಣ ಕಂದನ್ನು ಕಿತ್ತು ನೆಟ್ಟರೆ ಅದು ಕೆಲವು ತಿಂಗಳು ಹಸಿರಾಗಿ ಕಂಡು, ಬೇರು ಹಿಡಿಯದೆ ಸಾಯುವುದೇ ಹೆಚ್ಚು. ನೆಟ್ಟ ಮೊದಲ ಆರೇಳು ವಾರ ಬುಡದ ಮಣ್ಣು ಒಣಗಬಾರದು. ನೀರು ಸುಳಿಯೊಳಗೆ ನಿಲ್ಲಲೂಬಾರದು. ಸಾಲುಗಳ ನಡುವೆ ಮತ್ತು ಗಿಡಗಳ ನಡುವೆ 8ರಿಂದ 10 ಮೀಟರ್ ಅಂತರ ಬೇಕು. ಎಳೆ ಗಿಡಗಳ ನಡುವೆ ಅದು ಅನಾವಶ್ಯಕವಾಗಿ ದೊಡ್ಡದೆಂದು ಕಾಣುತ್ತದೆ, ಆದರೆ ಮರ ಗರಿ ಹರಡಿದ ಮೇಲೆ ಹಾಗೆ ಅನ್ನಿಸುವುದಿಲ್ಲ. ಕೈಯಿಂದ ಪರಾಗ ಹಾಕುವುದಾದರೆ 25ರಿಂದ 50 ಹೆಣ್ಣು ಮರಗಳಿಗೆ ಒಂದು ಒಳ್ಳೆಯ ಗಂಡು ಮರ ಸಾಕು.

ಹಂತ 2: ಮುಳ್ಳು ತೆಗೆದು ದಾರಿ ಮಾಡಿಕೊಳ್ಳುವುದು

ಗರಿಯ ಬುಡಭಾಗದಲ್ಲಿರುವ ಮುಳ್ಳುಗಳು ಬೆರಳಿಗಿಂತ ಉದ್ದವಾಗಿ ಬೆಳೆಯುತ್ತವೆ. ಹೊಂಬಾಳೆಗಳು ಹೊರಡುವುದು ಸರಿಯಾಗಿ ಅವುಗಳ ನಡುವಿನಿಂದ. ಆದ್ದರಿಂದ ಹೂ ಬರುವ ಮೊದಲೇ ಕೈ ತಾಗುವ ಎತ್ತರದ ಗರಿಗಳ ಮುಳ್ಳುಗಳನ್ನೆಲ್ಲ ಬುಡಕ್ಕೆ ಸರಿಯಾಗಿ ಕತ್ತರಿಸಿಡಬೇಕು. ಹೊಂಬಾಳೆ ಬಿರಿದ ದಿನ ಮುಳ್ಳು ತೆಗೆಯಲು ಕೂತರೆ ಅಮೂಲ್ಯವಾದ ಹೊತ್ತು ಹೋಗುತ್ತದೆ.

ಖರ್ಜೂರದ ಮುಳ್ಳು ಚುಚ್ಚಿದ್ದನ್ನು ಹಗುರವಾಗಿ ಕಾಣಬಾರದು. ತುದಿ ಮುರಿದು ಬೆರಳಿನ ಅಥವಾ ಮೊಣಕಾಲಿನ ಕೀಲಿನೊಳಗೆ ಉಳಿದರೆ, ಮೇಲಿನ ಗಾಯ ಮಾಯ್ದು ವಾರಗಳ ಬಳಿಕವೂ ಕೀಲು ಊದಿ ನೋಯತೊಡಗಬಹುದು. ಅಂತಹ ಚೂರು ಎಕ್ಸ್-ರೇಯಲ್ಲಿ ಕಾಣದೇ ಇರುವುದೂ ಉಂಟು. ಆದ್ದರಿಂದ ಕೀಲಿನ ಬಳಿ ಮುಳ್ಳು ಚುಚ್ಚಿದ್ದರೆ ವೈದ್ಯರಿಗೆ ಆ ವಿಷಯವನ್ನು ತಪ್ಪದೆ ಹೇಳಬೇಕು.

ಇದೇ ಸಮಯದಲ್ಲಿ ಪೂರ್ತಿ ಒಣಗಿದ ಗರಿಗಳನ್ನು ತೆಗೆಯಬಹುದು. ಹಸಿರು ಗರಿಗಳನ್ನು ಅಂದಕ್ಕಾಗಿ ಕಡಿಯಬೇಡಿ. ಒಂದು ಗೊನೆಯನ್ನು ಚೆನ್ನಾಗಿ ಬೆಳೆಸಲು 8ರಿಂದ 10 ಆರೋಗ್ಯವಂತ ಗರಿಗಳು ಬೇಕು. ಕಡಿದ ಪ್ರತಿ ಹಸಿರು ಗರಿಯೂ ಹಣ್ಣಿನ ಲೆಕ್ಕದಿಂದ ಕಳೆದುಹೋಗುತ್ತದೆ. ಸುಳಿಯನ್ನಂತೂ ಮುಟ್ಟಲೇಬಾರದು. ಈ ಮರದ ಕಾಂಡಕ್ಕೆ ಬೆಳೆಯುವ ತುದಿ ಒಂದೇ. ಅದಕ್ಕೆ ಪೆಟ್ಟಾದರೆ ಆ ಕಾಂಡ ಸಾಯುತ್ತದೆ.

ಹಂತ 3: ಪರಾಗ ಸಂಗ್ರಹಿಸುವುದು

ಗಂಡು ಹೊಂಬಾಳೆ ಬಲಿತ ಲಕ್ಷಣಗಳು ಎರಡು. ಒರೆಯ ಬಣ್ಣ ಹಸಿರಿನಿಂದ ಕಂದಿಗೆ ತಿರುಗುತ್ತದೆ ಮತ್ತು ಅದನ್ನು ಬೆರಳುಗಳ ನಡುವೆ ಒತ್ತಿದಾಗ ಒಳಗಿನಿಂದ ಸಣ್ಣಗೆ ಚಟಚಟ ಸದ್ದು ಬರುತ್ತದೆ. ಈ ಹಂತದಲ್ಲಿ ಅಥವಾ ಒರೆ ಸೀಳತೊಡಗಿದ ಕೂಡಲೇ ಹೊಂಬಾಳೆಯನ್ನು ಕತ್ತರಿಸಬೇಕು. ಪೂರ್ತಿ ಅರಳುವವರೆಗೆ ಮರದಲ್ಲೇ ಬಿಟ್ಟರೆ ಗಾಳಿ ಮತ್ತು ಜೇನುನೊಣಗಳು ಪರಾಗವನ್ನು ಒಯ್ದುಬಿಡುತ್ತವೆ. ಬಹಳ ಬೇಗ ಕತ್ತರಿಸಿದರೆ ಪರಾಗ ಬಲಿತಿರುವುದಿಲ್ಲ.

ಒರೆಯನ್ನು ಬಿಡಿಸಿ, ಕಡ್ಡಿಗಳನ್ನು ಬೇರ್ಪಡಿಸಿ, ಗಾಳಿಯ ಸೆಳೆತವಿಲ್ಲದ ಒಣ ಕೋಣೆಯಲ್ಲಿ ಶುಭ್ರ ಕಾಗದದ ಮೇಲೆ ನೆರಳಿನಲ್ಲಿ ಹರಡಬೇಕು. ಬಿಸಿಲಿಗೆ ಇಡಬಾರದು. ಒಂದೆರಡು ದಿನಗಳಲ್ಲಿ ಹೂಗಳು ಒಣಗಿ ಪರಾಗ ಕಾಗದದ ಮೇಲೆ ಉದುರುತ್ತದೆ. ಕಡ್ಡಿಗಳನ್ನು ಮೆಲ್ಲಗೆ ತಟ್ಟಿ, ಜರಡಿ ಹಿಡಿದರೆ ತಿಳಿಹಳದಿಯ ನಯವಾದ ಪುಡಿ ಸಿಗುತ್ತದೆ. ಉಂಡೆ ಕಟ್ಟಿದ, ಕಪ್ಪು ಛಾಯೆಗೆ ತಿರುಗಿದ ಅಥವಾ ಮುಗ್ಗಲು ವಾಸನೆಯ ಪರಾಗವನ್ನು ಬಳಸಬಾರದು. ಕಾಗದ, ಕುಂಚ, ಸೀಸೆ ಇವುಗಳಲ್ಲಿ ಎಲ್ಲಿಯೂ ತೇವ ಇರಬಾರದು.

ಗಂಡು ಮರ ಹೆಣ್ಣು ಮರಕ್ಕಿಂತ ಮೊದಲು ಹೂ ಬಿಟ್ಟು ಮುಗಿಸುವುದು ಅಥವಾ ಇದಕ್ಕೆ ವಿರುದ್ಧವಾಗುವುದು ತೀರ ಸಾಮಾನ್ಯ. ಆದ್ದರಿಂದ ಪರಾಗವನ್ನು ಇಟ್ಟುಕೊಳ್ಳುವ ಅಭ್ಯಾಸ ಅನುಕೂಲಕರ ಮಾತ್ರವಲ್ಲ, ಅನಿವಾರ್ಯವೆಂದೇ ಹೇಳಬೇಕು. ಚೆನ್ನಾಗಿ ಒಣಗಿದ ಪರಾಗವನ್ನು ಸಿಲಿಕಾ ಜೆಲ್‌ನೊಂದಿಗೆ ಬಿಗಿ ಸೀಸೆಯಲ್ಲಿ ಹಾಕಿ 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಫ್ರಿಜ್‌ನಲ್ಲಿಟ್ಟರೆ ಆ ಋತುವಿನುದ್ದಕ್ಕೂ ಬಳಸಬಹುದು. ಮುಂದಿನ ವರ್ಷಕ್ಕಾದರೆ ಮೈನಸ್ 18 ಡಿಗ್ರಿಯ ಫ್ರೀಜರ್ ಉತ್ತಮ. ಹೊರತೆಗೆದ ಸೀಸೆಯನ್ನು ತಕ್ಷಣ ತೆರೆಯಬೇಡಿ. ಅದು ಕೋಣೆಯ ಉಷ್ಣತೆಗೆ ಬರುವ ಮೊದಲು ಮುಚ್ಚಳ ತೆಗೆದರೆ ಗಾಳಿಯ ತೇವ ಪರಾಗದ ಮೇಲೆ ಹನಿಗಟ್ಟಿ ಇಡೀ ವರ್ಷದ ಜೋಪಾನ ವ್ಯರ್ಥವಾಗುತ್ತದೆ.

ಗಂಡು ಮರವೇ ಇಲ್ಲದವರು ಈಚಲು ಮರದ ಪರಾಗ ಆದೀತೇ ಎಂದು ಕೇಳುವುದುಂಟು. ಈಚಲು ಖರ್ಜೂರದ ಹತ್ತಿರದ ಬಂಧು, ಅದರ ಪರಾಗದಿಂದಲೂ ಕಾಯಿ ಕಟ್ಟುತ್ತದೆ. ಆದರೆ ಖರ್ಜೂರದಲ್ಲಿ ಪರಾಗ ಕೊಟ್ಟ ಮರದ ಪ್ರಭಾವ ಬೀಜದ ಮೇಲೆ ಮಾತ್ರವಲ್ಲದೆ ಹಣ್ಣಿನ ಗಾತ್ರದ ಮೇಲೂ ಮಾಗುವ ಕಾಲದ ಮೇಲೂ ಬೀಳುತ್ತದೆ. ಹೀಗಾಗಿ ಬೇರೆ ದಾರಿಯಿಲ್ಲದ ವರ್ಷದಲ್ಲಿ ಮಾತ್ರ ಈಚಲಿನ ಪರಾಗವನ್ನು ಬಳಸಿ, ಒಳ್ಳೆಯ ಗಂಡು ಖರ್ಜೂರದ ಪರಾಗವನ್ನು ಮುಂದಿನ ವರ್ಷಕ್ಕೆ ಹೊಂದಿಸಿಕೊಳ್ಳುವುದು ಲೇಸು.

ಹಂತ 4: ಪರಾಗಸ್ಪರ್ಶ

ಹೆಣ್ಣು ಹೊಂಬಾಳೆಗಳು ಒಂದೇ ದಿನ ಬಿರಿಯುವುದಿಲ್ಲ. ಒಂದೇ ಮರದಲ್ಲಿ ಮೊದಲನೆಯದಕ್ಕೂ ಕೊನೆಯದಕ್ಕೂ ಮೂರು ನಾಲ್ಕು ವಾರಗಳ ಅಂತರವಿರಬಹುದು. ಒಮ್ಮೆ ಮರ ಹತ್ತಿ ಕಂಡದ್ದಕ್ಕೆಲ್ಲ ಪರಾಗ ಹಾಕಿ ಕೆಲಸ ಮುಗಿಯಿತೆಂದು ಇಳಿದುಬಿಡುವವರು ಎರಡು ಮೂರು ಗೊನೆ ಪಡೆದು, ಉಳಿದವು ಏಕೆ ಜೊಳ್ಳಾದವೆಂದು ಅಚ್ಚರಿಪಡುತ್ತಾರೆ. ಈ ಅವಧಿಯಲ್ಲಿ ಎರಡು ಮೂರು ದಿನಗಳಿಗೊಮ್ಮೆ ಮರವನ್ನು ನೋಡಬೇಕು.

ಒರೆ ಸೀಳಿದ ದಿನವನ್ನು ಮೊದಲ ದಿನವೆಂದು ಲೆಕ್ಕ ಹಾಕಿ. ಹೆಚ್ಚಿನ ತಳಿಗಳಲ್ಲಿ 1ರಿಂದ 4ನೆಯ ದಿನದವರೆಗಿನ ಅವಧಿ ಅತ್ಯುತ್ತಮ. ಕೆಲವು ತಳಿಗಳ ಹೂಗಳು ಒಂದು ವಾರ ದಾಟಿದರೂ ಪರಾಗವನ್ನು ಸ್ವೀಕರಿಸುತ್ತವೆ, ಆದರೆ ನಿಮ್ಮ ತಳಿ ಅಂಥದ್ದೆಂದು ನಂಬಿ ಕೂರುವುದು ಜಾಣತನವಲ್ಲ. ಒರೆ ಸೀಳುವ ಮೊದಲೇ ಅದನ್ನು ಬಲವಂತವಾಗಿ ಬಿಡಿಸುವುದೂ ತಪ್ಪು. ಆಗ ಹೂಗಳು ಇನ್ನೂ ಸಿದ್ಧವಾಗಿರುವುದಿಲ್ಲ.

ಕೆಲಸದ ಕ್ರಮ ಹೀಗಿರಲಿ:

1. ಸೀಳಿದ ಒರೆಯನ್ನು ಕೈಯಿಂದ ಬಿಡಿಸಿ ಪೂರ್ತಿಯಾಗಿ ತೆಗೆಯಿರಿ. ಕಡ್ಡಿಗಳನ್ನು ಬೆರಳುಗಳಿಂದ ಮೆಲ್ಲಗೆ ಸಡಿಲಿಸಿ, ಗೊಂಚಲಿನ ನಡುಭಾಗಕ್ಕೂ ಗಾಳಿ ಹೋಗುವಂತೆ ಮಾಡಿ.

2. ತಾಜಾ ಗಂಡು ಕಡ್ಡಿಗಳಿದ್ದರೆ, ಪರಾಗದ ಪ್ರಮಾಣಕ್ಕೆ ತಕ್ಕಂತೆ 5ರಿಂದ 10 ಕಡ್ಡಿಗಳನ್ನು ತೆಗೆದುಕೊಂಡು ಮೊದಲು ಹೆಣ್ಣು ಹೂಗಳ ಮೇಲೆ ಲಘುವಾಗಿ ಕೊಡವಿ, ಅನಂತರ ಅವನ್ನು ತಲೆಕೆಳಗಾಗಿ ಗೊಂಚಲಿನ ನಡುವೆ ಸಿಕ್ಕಿಸಿ. ಉಳಿದ ಪರಾಗ ಮುಂದಿನ ಎರಡು ಮೂರು ದಿನ ತಾನಾಗಿ ಉದುರುತ್ತಿರುತ್ತದೆ.

3. ಒಣ ಪರಾಗವಾದರೆ, ಒಂದು ಭಾಗ ಪರಾಗಕ್ಕೆ 5ರಿಂದ 10 ಭಾಗ ಟಾಲ್ಕ್ ಪುಡಿ ಬೆರೆಸಿ, ಕುಂಚದಿಂದಲೋ ಹತ್ತಿಯ ಉಂಡೆಯಿಂದಲೋ ರಬ್ಬರಿನ ಊದುಬುರುಡೆಯಿಂದಲೋ ಗೊಂಚಲಿನ ಎಲ್ಲ ದಿಕ್ಕಿಗೂ ಹಾಕಿ. ಬೆರೆಸಿದ ಪುಡಿಯನ್ನು ಅಂದೇ ಮುಗಿಸಿಬಿಡಿ.

4. ಗೊಂಚಲಿನ ಸುತ್ತ ಹತ್ತಿಯ ದಾರವನ್ನು ಸಡಿಲವಾಗಿ ಕಟ್ಟಿ, ಸುಲಭವಾಗಿ ಬಿಚ್ಚಲು ಬರುವ ಗಂಟು ಹಾಕಿ. ಗೊನೆ ದಪ್ಪವಾದಂತೆ ದಾರ ಕಡ್ಡಿಗಳನ್ನು ಕತ್ತರಿಸಬಾರದು.

5. ಮೂರು ದಿನಗಳ ಬಳಿಕ ಇನ್ನೊಮ್ಮೆ ಪರಾಗ ಹಾಕಿ. ದಿನಾಂಕವನ್ನು ಬರೆದು ಗೊನೆಗೆ ಚೀಟಿ ಕಟ್ಟಿ.

ಹೊತ್ತಿನ ಆಯ್ಕೆಯೂ ಮುಖ್ಯ. ಬೆಳಗಿನ ಇಬ್ಬನಿ ಆರಿದ ಮೇಲೆ, ಸುಮಾರು 10 ಗಂಟೆಯಿಂದ ಮಧ್ಯಾಹ್ನ 3 ಗಂಟೆಯೊಳಗೆ ಕೆಲಸ ಮುಗಿಸುವುದು ಸೂಕ್ತ. ಚಳಿಯಲ್ಲಿ ಪರಾಗ ಮೊಳೆಯುವುದು ನಿಧಾನವಾಗುತ್ತದೆ. ಕಾಯಿ ಚೆನ್ನಾಗಿ ಕಟ್ಟಲು ಹಗಲಿನ ಉಷ್ಣತೆ 25 ಡಿಗ್ರಿಯ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಒಳ್ಳೆಯದು. ತಂಪಿನ ದಿನಗಳಲ್ಲಿ ಮೊದಲು ಬಿರಿದ ಹೊಂಬಾಳೆಗಳಿಗೆ ಪರಾಗ ಹಾಕಿದ ಮೇಲೆ ಕಂದು ಕಾಗದದ ಚೀಲ ತೊಡಿಸಿ ಎರಡು ಮೂರು ವಾರ ಬಿಟ್ಟರೆ ಒಳಗೆ ಬೆಚ್ಚಗಿರುತ್ತದೆ. ಪ್ಲಾಸ್ಟಿಕ್ ಚೀಲ ಹಾಕಬೇಡಿ, ಒಳಗೆ ಬೆವರಿ ಹೂಗಳು ಕೊಳೆಯುತ್ತವೆ. ಪರಾಗ ಹಾಕಿದ 4ರಿಂದ 6 ಗಂಟೆಗಳೊಳಗೆ ಮಳೆ ಬಂದರೆ ಆ ದಿನದ ಕೆಲಸ ಆಗಲಿಲ್ಲವೆಂದೇ ತಿಳಿದು, ಹೂಗಳು ಒಣಗಿದ ಕೂಡಲೇ ಮತ್ತೆ ಹಾಕಬೇಕು.

ಫಲಿತಾಂಶವನ್ನು ಮೂರು ವಾರಗಳಲ್ಲಿ ಓದಬಹುದು. ಹೆಣ್ಣು ಹೂವೊಂದರಲ್ಲಿ ಮೂರು ಎಳೆಗಾಯಿಗಳಾಗುವ ಅವಕಾಶವಿರುತ್ತದೆ. ಪರಾಗ ತಗುಲಿದ್ದರೆ ಅವುಗಳಲ್ಲಿ ಒಂದು ಮಾತ್ರ ಬೆಳೆದು ಉಳಿದೆರಡು ಒಣಗಿ ಉದುರುತ್ತವೆ. ಒಂದೇ ತೊಟ್ಟಿನಲ್ಲಿ ಮೂರೂ ಸಮವಾಗಿ, ಒಂದಕ್ಕೊಂದು ಅಂಟಿಕೊಂಡು ಬೆಳೆಯುತ್ತಿದ್ದರೆ ಅಲ್ಲಿ ಪರಾಗಸ್ಪರ್ಶ ಆಗಿಲ್ಲ. ಮೊದಲ ಸಾಲಿನಲ್ಲಿ ಹೇಳಿದ ಬೀಜವಿಲ್ಲದ ಒಗರು ಕಾಯಿಗಳು ಇವೇ. ಅಂತಹ ಗೊನೆಯನ್ನು ಉಳಿಸಿಕೊಂಡು ಪ್ರಯೋಜನವಿಲ್ಲ. ಕತ್ತರಿಸಿ ತೆಗೆದು, ತಡವಾಗಿ ಬಿರಿಯುವ ಹೊಂಬಾಳೆಗಳ ಮೇಲೆ ಗಮನವಿಡಿ. ಎಲ್ಲ ಹೂಗಳೂ ಕಾಯಿ ಕಟ್ಟಲಿಲ್ಲವೆಂದು ಕೊರಗಬೇಕಾಗಿಲ್ಲ. ಒಂದು ಹೊಂಬಾಳೆಯಲ್ಲಿ ಸಾವಿರಾರು ಹೂಗಳಿರುತ್ತವೆ, ಅವೆಲ್ಲ ಕಾಯಾದರೆ ಅದೇ ಮುಂದಿನ ಹಂತದ ತಲೆನೋವು.

ಹಂತ 5: ಗೊನೆ ಮತ್ತು ಕಾಯಿಗಳನ್ನು ವಿರಳಗೊಳಿಸುವುದು

ಕಷ್ಟಪಟ್ಟು ಕಟ್ಟಿಸಿದ ಕಾಯಿಗಳನ್ನು ಕತ್ತರಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಆದರೆ ಈ ಹಂತವನ್ನು ಬಿಟ್ಟವರಿಗೆ ಹಣ್ಣುಗಳು ಸಣ್ಣದಾಗುತ್ತವೆ, ತಡವಾಗಿ ಮಾಗುತ್ತವೆ, ಗೊನೆಯ ನಡುವೆ ಗಾಳಿಯಾಡದೆ ಕೊಳೆಯುತ್ತವೆ. ಮರ ಒಂದು ವರ್ಷ ಭಾರ ಹೊತ್ತು ಮರುವರ್ಷ ಹೂವನ್ನೇ ಬಿಡದಿರುವುದೂ ಇದರಿಂದಲೇ.

ಮೊದಲು ಗೊನೆಗಳ ಸಂಖ್ಯೆಯನ್ನು ನಿರ್ಧರಿಸಿ. ಹಸಿರು ಗರಿಗಳನ್ನು ಎಣಿಸಿ, 8ರಿಂದ 10 ಗರಿಗಳಿಗೆ ಒಂದು ಗೊನೆಯಂತೆ ಉಳಿಸಿಕೊಂಡು, ತೀರ ಮೊದಲು ಬಂದವು, ತೀರ ಕೊನೆಯಲ್ಲಿ ಬಂದವು ಮತ್ತು ಕಾಯಿ ಸರಿಯಾಗಿ ಕಟ್ಟದವುಗಳನ್ನು ತೆಗೆದುಹಾಕಿ. ನೆಟ್ಟು ಎರಡು ಮೂರು ವರ್ಷವಷ್ಟೇ ಆದ ಗಿಡದ ಹೊಂಬಾಳೆಗಳನ್ನೆಲ್ಲ ತೆಗೆಯುವುದೇ ಸರಿ.

ಅನಂತರ ಗೊನೆಯೊಳಗಿನ ಕೆಲಸ. ಇದು ತಳಿಯನ್ನು ಅವಲಂಬಿಸಿದೆ. ಡೆಗ್ಲೆಟ್ ನೂರ್‌ನಂತೆ ಉದ್ದ ಕಡ್ಡಿಗಳ ತಳಿಯಲ್ಲಿ ಕಡ್ಡಿಗಳ ತುದಿಯ ಮೂರನೆಯ ಒಂದು ಭಾಗವನ್ನು ಕತ್ತರಿಸಿ, ಗೊಂಚಲಿನ ನಡುವಿನ ಕೆಲವು ಕಡ್ಡಿಗಳನ್ನು ಬುಡದಿಂದ ತೆಗೆಯುತ್ತಾರೆ. ಹಲಾವಿ, ಖದ್ರಾವಿ ಮೊದಲಾದ ಗಿಡ್ಡ ಕಡ್ಡಿಯ ತಳಿಗಳಲ್ಲಿ ತುದಿ ಕತ್ತರಿಸುವುದಕ್ಕಿಂತ ನಡುವಿನ ಕಡ್ಡಿಗಳನ್ನು ತೆಗೆಯುವುದು ಮೇಲು. ದೊಡ್ಡ ಹಣ್ಣಿಗೆ ಹೆಸರಾದ ಮೆಜೂಲ್‌ನಲ್ಲಿ ಒಂದೊಂದು ಕಡ್ಡಿಯಿಂದಲೂ ಕೈಯಿಂದ ಕಾಯಿ ಬಿಡಿಸಿ, ಪಕ್ಕದ ಕಾಯಿಗೆ ತಾಗದಷ್ಟು ಅಂತರ ಬಿಡಬೇಕಾಗುತ್ತದೆ. ಎಷ್ಟು ತೆಗೆದರೂ ಹೆಚ್ಚಾಯಿತೆಂದು ಅನ್ನಿಸುವುದು ಸಹಜ. ಒಟ್ಟಾರೆ ಅರ್ಧದಷ್ಟು ಹೋದರೂ ಗಾಬರಿಯಾಗಬೇಡಿ. ಕಾಯಿ ಬಟಾಣಿಯ ಗಾತ್ರಕ್ಕೆ ಬರುವ ಹೊತ್ತಿಗೆ ಈ ಕೆಲಸ ಮುಗಿದಿರಬೇಕು. ತಡವಾದಷ್ಟೂ ಪ್ರಯೋಜನ ಕಡಿಮೆ.

ಹಂತ 6: ಗೊನೆಯನ್ನು ಇಳಿಬಿಟ್ಟು ಚೀಲ ತೊಡಿಸುವುದು

ಪರಾಗಸ್ಪರ್ಶವಾದ ಆರೆಂಟು ವಾರಗಳಲ್ಲಿ ಗೊನೆಯ ದಿಂಡು ಉದ್ದವಾಗಿ, ಇನ್ನೂ ಹಸಿರಾಗಿ ಬಳುಕುವಂತಿರುತ್ತದೆ. ಆಗಲೇ ಅದನ್ನು ಗರಿಗಳ ನಡುವಿನಿಂದ ಎಳೆದು ಕೆಳಮುಖವಾಗಿ ಬಾಗಿಸಿ, ಹತ್ತಿರದ ಗಟ್ಟಿ ಗರಿಯ ದಿಂಡಿಗೆ ಕಟ್ಟಬೇಕು. ದಿಂಡು ಗಟ್ಟಿಯಾದ ಮೇಲೆ ಬಾಗಿಸಹೊರಟರೆ ಅದು ಸೀಳುತ್ತದೆ. ಕಟ್ಟದೆ ಬಿಟ್ಟರೆ ಗಾಳಿಗೆ ಕಾಯಿಗಳು ಮುಳ್ಳಿಗೆ ಉಜ್ಜಿ ಕಲೆಯಾಗುತ್ತವೆ, ಭಾರಕ್ಕೆ ದಿಂಡೇ ಮುರಿಯುವುದೂ ಉಂಟು.

ಕಾಯಿ ಹಸಿರಿನಿಂದ ಹಳದಿಗೋ ಕೆಂಪಿಗೋ ತಿರುಗುವಾಗ ಚೀಲ ತೊಡಿಸಿ. ಹಕ್ಕಿ, ಕಣಜ, ಹಣ್ಣುನೊಣಗಳಿಗೆ ಬಲೆಚೀಲ ಸಾಕು. ಮಳೆಯ ಭಯವಿದ್ದರೆ ಮೇಲ್ಭಾಗಕ್ಕೆ ಮೇಣಗಾಗದದ ಕೊಡೆಯಂತಹ ಹೊದಿಕೆ ಕಟ್ಟಿ, ಕೆಳಗಿನ ಬಾಯಿಯನ್ನು ಗಾಳಿಯಾಡಲು ತೆರೆದಿಡಿ. ಗಾಳಿಯಲ್ಲಿ ತೇವ ಹೆಚ್ಚಿರುವಾಗ ಕೆಲವು ತಳಿಗಳ ಕಾಯಿಯ ತುದಿಯ ಸಿಪ್ಪೆಯಲ್ಲಿ ಸಣ್ಣ ಬಿರುಕುಗಳೆದ್ದು ಆ ಭಾಗ ಕಪ್ಪಾಗಿ ಸುಕ್ಕುಗಟ್ಟುತ್ತದೆ. ಪೂರ್ತಿ ಮುಚ್ಚಿದ ಚೀಲ ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಹಂತ 7: ನೀರು

ಮರುಭೂಮಿಯ ಮರವೆಂದ ಮಾತ್ರಕ್ಕೆ ಇದಕ್ಕೆ ನೀರು ಬೇಡವೆಂದು ಅರ್ಥವಲ್ಲ. ಬೇರು ನೀರಿನಲ್ಲಿ, ತಲೆ ಬಿಸಿಲಿನಲ್ಲಿ ಇದ್ದರೆ ಇದು ಸುಖವಾಗಿರುತ್ತದೆ. ಕಾಯಿ ದಪ್ಪವಾಗುವ ತಿಂಗಳುಗಳಲ್ಲಿ ನೀರು ಕಡಿಮೆಯಾದರೆ ಕಾಯಿಗಳು ಸುಕ್ಕಾಗಿ ಉದುರುತ್ತವೆ. ಬಣ್ಣ ತಿರುಗಿದ ಮೇಲೆ ನೀರನ್ನು ಕ್ರಮೇಣ ಕಡಿಮೆ ಮಾಡಬೇಕು, ಪೂರ್ತಿ ನಿಲ್ಲಿಸಬಾರದು. ಉಪ್ಪುನೀರನ್ನು ಇದು ಉಳಿದ ಹಣ್ಣಿನ ಮರಗಳಿಗಿಂತ ಚೆನ್ನಾಗಿ ತಾಳುತ್ತದೆ, ಆದರೆ ಬುಡದಲ್ಲಿ ನಿಂತ ನೀರನ್ನು ಬಹುಕಾಲ ತಾಳುವುದಿಲ್ಲ.

ಹಂತ 8: ಯಾವಾಗ ಕೊಯ್ಯಬೇಕು

ಖರ್ಜೂರದ ಬೆಳವಣಿಗೆಯ ಹಂತಗಳನ್ನು ಅರಬ್ಬಿ ಹೆಸರುಗಳಿಂದಲೇ ಎಲ್ಲೆಡೆ ಗುರುತಿಸುತ್ತಾರೆ. ಹಸಿರಾಗಿ ಗಟ್ಟಿಯಿರುವುದು ಕಿಮ್ರಿ. ಹಳದಿ ಅಥವಾ ಕೆಂಪು ಬಣ್ಣ ತುಂಬಿ ಗರಿಗರಿಯಾಗಿರುವುದು ಖಲಾಲ್. ತುದಿಯಿಂದ ಮೆತ್ತಗಾಗಿ ಕಂದು ಬಣ್ಣಕ್ಕೆ ತಿರುಗುವುದು ರುತಬ್. ತೇವ ಇಳಿದು ಸುಕ್ಕುಗಟ್ಟಿ ದಾಸ್ತಾನಿಗೆ ಸಿದ್ಧವಾದದ್ದು ತಮರ್.

ಎಲ್ಲ ತಳಿಗಳೂ ಖಲಾಲ್ ಹಂತದಲ್ಲಿ ತಿನ್ನಲು ಬರುವುದಿಲ್ಲ. ಹೆಚ್ಚಿನವು ಆಗ ಬಾಯಿ ಕಟ್ಟುವಷ್ಟು ಒಗರು. ಬರ್ಹಿ ಇದಕ್ಕೆ ಹೆಸರುವಾಸಿಯಾದ ಅಪವಾದ, ಹಳದಿಯಾಗಿರುವಾಗಲೇ ಅದು ಸಿಹಿ. ಹಣ್ಣು ಮಾಗುವ ಕಾಲಕ್ಕೆ ಮಳೆ ಹಿಡಿಯುವ ಜಾಗದಲ್ಲಿ ಬೆಳೆಯುವವರು ತಮರ್ ಹಂತದ ಆಸೆಯನ್ನು ಬಿಟ್ಟು ಬರ್ಹಿಯಂತಹ ತಳಿಯನ್ನು ಹಾಕುವುದೇ ವಿವೇಕ. ರುತಬ್ ಹಂತದಲ್ಲಿ ಒಂದು ದೊಡ್ಡ ಮಳೆ ಬಂದರೂ ಹಣ್ಣು ಒಡೆದು ಹುಳಿಯುತ್ತದೆ, ಅದನ್ನು ಉಳಿಸುವ ಉಪಾಯವಿಲ್ಲ.

ರುತಬ್ ಬೇಕಾದರೆ ಒಂದೇ ಗೊನೆಯಿಂದ ಕೆಲವು ದಿನಗಳಿಗೊಮ್ಮೆ ಮಾಗಿದ್ದನ್ನಷ್ಟೇ ಬಿಡಿಸಬೇಕು. ತಮರ್ ಬೇಕಾದರೆ ಹೆಚ್ಚಿನ ಹಣ್ಣುಗಳು ಸುಕ್ಕುಗಟ್ಟಿದ ಮೇಲೆ ಗೊನೆಯನ್ನೇ ಕತ್ತರಿಸಿ ಹಗ್ಗದಲ್ಲಿ ಇಳಿಸಬೇಕು. ಮೇಲಿನಿಂದ ಎಸೆದ ಗೊನೆಯ ಹಣ್ಣುಗಳು ಸಿಪ್ಪೆ ಹರಿದು ಮಣ್ಣು ಮೆತ್ತಿಕೊಂಡು ಬೇಗ ಕೆಡುತ್ತವೆ.

ಹಂತ 9: ಮಾಗಿಸುವುದು ಮತ್ತು ಒಣಗಿಸುವುದು

ಮಳೆಯ ಮುನ್ಸೂಚನೆಯಿಂದ ಅವಸರವಾಗಿ ಕೊಯ್ದ ಖಲಾಲ್ ಹಣ್ಣುಗಳನ್ನು ಮನೆಯಲ್ಲೇ ಮಾಗಿಸಬಹುದು. ಪೂರ್ತಿ ಬಣ್ಣ ಬಂದ ಹಣ್ಣುಗಳನ್ನು ತೊಳೆದು ಒರೆಸಿ, ಒಂದು ಪದರವಾಗಿ ಫ್ರೀಜರ್‌ನಲ್ಲಿ ಒಂದೆರಡು ದಿನ ಇಟ್ಟು, ಹೊರತೆಗೆದು ಕೋಣೆಯ ಉಷ್ಣತೆಯಲ್ಲಿ ಕರಗಲು ಬಿಡಬೇಕು. ಹೆಪ್ಪುಗಟ್ಟಿದಾಗ ಒಳಗಿನ ಜೀವಕೋಶಗಳು ಒಡೆಯುವುದರಿಂದ ಹಣ್ಣು ಮೆತ್ತಗಾಗಿ, ಒಗರು ಇಳಿದು, ಕಂದು ಬಣ್ಣಕ್ಕೆ ತಿರುಗುತ್ತದೆ. ಹಸಿರು ಭಾಗ ಉಳಿದಿರುವ ಕಾಯಿಗಳಿಗೆ ಈ ಉಪಾಯ ಫಲಿಸುವುದಿಲ್ಲ, ಏಕೆಂದರೆ ಅವುಗಳಲ್ಲಿ ಸಕ್ಕರೆಯೇ ತುಂಬಿರುವುದಿಲ್ಲ.

ಬಿಸಿಲಿನಲ್ಲಿ ಒಣಗಿಸುವುದಾದರೆ ನೆಲದಿಂದ ಎತ್ತರದಲ್ಲಿ, ಗಾಳಿಯಾಡುವ ತಟ್ಟೆಗಳಲ್ಲಿ, ಒಂದಕ್ಕೊಂದು ತಾಗದಂತೆ ಹರಡಿ, ಮೇಲೆ ತೆಳುಬಲೆ ಹೊದಿಸಿ. ಇಬ್ಬನಿ ಬೀಳುವ ಮೊದಲು ದಿನವೂ ಒಳಗೆ ತರಬೇಕು. ಯಂತ್ರದಲ್ಲಾದರೆ 45ರಿಂದ 50 ಡಿಗ್ರಿ ಸಾಕು. ಅವಸರಕ್ಕೆ ಉಷ್ಣತೆಯನ್ನು 65 ಡಿಗ್ರಿ ದಾಟಿಸಿದರೆ ಹಣ್ಣು ಕಪ್ಪಾಗಿ ಸುಟ್ಟ ಸಕ್ಕರೆಯ ರುಚಿ ಹಿಡಿಯುತ್ತದೆ. ತೇವ 20ರಿಂದ 23 ಶೇಕಡಾದ ಹತ್ತಿರ ಇಳಿದಾಗ ನಿಲ್ಲಿಸಬೇಕು. ಅಳೆಯುವ ಸಾಧನವಿಲ್ಲದವರು ಹಣ್ಣನ್ನು ಎರಡು ಬೆರಳುಗಳಿಂದ ಒತ್ತಿ ನೋಡಿ: ಅದು ಬಗ್ಗಬೇಕು, ರಸ ಒಸರಬಾರದು. ಹೆಚ್ಚು ಒಣಗಿ ಕಲ್ಲಾಗಿದ್ದರೆ ಕೆಲವು ನಿಮಿಷ ಹಬೆಗೆ ಹಿಡಿದರೆ ಮತ್ತೆ ಮೆತ್ತಗಾಗುತ್ತದೆ, ಆದರೆ ಹಾಗೆ ಮಾಡಿದ್ದನ್ನು ಬಹುದಿನ ಇಡಬಾರದು.

ಹಂತ 10: ಡಬ್ಬಿಗೆ ತುಂಬುವುದು

ಹೊಲದಿಂದಲೇ ಕೀಟದ ಮೊಟ್ಟೆಗಳು ಹಣ್ಣಿನೊಂದಿಗೆ ಬಂದಿರುತ್ತವೆ. ಡಬ್ಬಿಗೆ ಹಾಕುವ ಮೊದಲು ಮೈನಸ್ 18 ಡಿಗ್ರಿಯಲ್ಲಿ ಕನಿಷ್ಠ 2 ದಿನ, ರಾಶಿ ದೊಡ್ಡದಾಗಿದ್ದರೆ 4 ದಿನ ಇಡಿ. ಹೊರಗೆ ತೆಗೆದ ಪೊಟ್ಟಣವನ್ನು ಪೂರ್ತಿ ಬೆಚ್ಚಗಾಗುವವರೆಗೆ ತೆರೆಯದಿರಿ. ಪರಾಗದ ಸೀಸೆಗೆ ಹೇಳಿದ ಎಚ್ಚರಿಕೆಯೇ ಇಲ್ಲಿಯೂ ಅನ್ವಯಿಸುತ್ತದೆ.

ಹಣ್ಣಿನ ಮೇಲೆ ಬಿಳಿ ಕಂಡ ಕೂಡಲೇ ಬೂಷ್ಟೆಂದು ಎಸೆಯುವವರಿದ್ದಾರೆ, ಬೂಷ್ಟನ್ನೇ ಸಕ್ಕರೆಯೆಂದು ತಿನ್ನುವವರೂ ಇದ್ದಾರೆ. ಒಂದು ಹಣ್ಣನ್ನು ಬೆಚ್ಚನೆಯ ನೀರಿನಲ್ಲಿ ಅದ್ದಿ ನೋಡಿ. ಹರಳು ಹರಳಾಗಿ ಗಟ್ಟಿಯಿದ್ದು ನೀರಿನಲ್ಲಿ ಕರಗಿದರೆ ಅದು ಸಕ್ಕರೆ, ತಿನ್ನಬಹುದು. ಹತ್ತಿಯಂತೆ ನವಿರಾಗಿದ್ದು ಕರಗದಿದ್ದರೆ ಅಥವಾ ಹಸಿರು, ಕಪ್ಪು ಛಾಯೆಯಿದ್ದರೆ ಅದು ಬೂಷ್ಟು, ಆ ಡಬ್ಬಿಯನ್ನೇ ಬಿಡಬೇಕು. ಹುಳಿ ಅಥವಾ ಹೆಂಡದ ವಾಸನೆ, ಉಬ್ಬಿದ ಮುಚ್ಚಳ, ಹಣ್ಣಿನಿಂದ ಏಳುವ ಗುಳ್ಳೆಗಳು ತೇವ ಹೆಚ್ಚಿರುವಾಗಲೇ ತುಂಬಿದ್ದೀರೆಂಬುದರ ಗುರುತು.

ಹಂತ 11: ಹಣ್ಣಿನ ಹೊರತಾಗಿ ಮರದಿಂದ ಸಿಗುವುದು

ಒಡೆದ, ಸುಕ್ಕಾದ ಆದರೆ ಕೆಡದ ಹಣ್ಣುಗಳನ್ನು ಪಾಕಕ್ಕೆ ಬಳಸಬಹುದು. ಬೀಜ ತೆಗೆದ 1 ಕಿಲೋ ಹಣ್ಣಿಗೆ 2ರಿಂದ 2.5 ಲೀಟರ್ ನೀರು ಹಾಕಿ, ಕುದಿಸದೆ ಸುಮಾರು 70 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಬಟ್ಟೆಯಲ್ಲಿ ಹಿಂಡದೆ ಸೋಸಬೇಕು. ಹಿಂಡಿದರೆ ಪಾಕ ಬಗ್ಗಡವಾಗುತ್ತದೆ. ಸೋಸಿದ ರಸವನ್ನು ಅಗಲ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ, ತಣ್ಣನೆಯ ತಟ್ಟೆಗೆ ಬಿಟ್ಟ ಹನಿ ಹರಿಯದೆ ನಿಲ್ಲುವವರೆಗೆ ಬತ್ತಿಸಿ. ಸಕ್ಕರೆ ಅಳೆಯುವ ಮಾಪಕವಿದ್ದರೆ 70 ಬ್ರಿಕ್ಸ್ ದಾಟಿರಬೇಕು, ಅದಕ್ಕಿಂತ ತೆಳುವಾದ ಪಾಕ ಹುಳಿಯುತ್ತದೆ. ಕೊನೆಯ ಹತ್ತು ನಿಮಿಷ ಒಲೆ ಬಿಟ್ಟು ಕದಲಬೇಡಿ, ತಳ ಹಿಡಿಯುವುದು ಆಗಲೇ.

ಬೀಜಗಳನ್ನು ತೊಳೆದು, ವಾರಗಟ್ಟಲೆ ಒಣಗಿಸಿ, ಕಡುಕಂದು ಬಣ್ಣ ಬರುವವರೆಗೆ ಹುರಿದು ಪುಡಿ ಮಾಡಿದರೆ ಕೆಫೀನ್ ಇಲ್ಲದ ಕಾಫಿಯಂತಹ ಪುಡಿಯಾಗುತ್ತದೆ. ಬೀಜ ಕಲ್ಲಿನಂತೆ ಗಟ್ಟಿಯಿರುವುದರಿಂದ, ಮೊದಲು ಕುಟ್ಟಿ ಚೂರು ಮಾಡದೆ ಸಾಮಾನ್ಯ ಮಿಕ್ಸಿಗೆ ಹಾಕಿದರೆ ಅಲಗು ಮುರಿಯುತ್ತದೆ.

ಗರಿಯ ಎಲೆಗಳನ್ನು ಚಾಪೆ, ಬುಟ್ಟಿ ಹೆಣೆಯಲು ಬಳಸುವವರು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಸ್ವಲ್ಪ ಸ್ವಲ್ಪವೇ ತೆಗೆಯಬೇಕು. ಒಣ ಎಲೆ ಮಡಿಸಿದಲ್ಲಿ ಮುರಿಯುತ್ತದೆ. ಹೆಣಿಗೆಗೆ ನಯವಾದದ್ದು ಸುಳಿಯ ಹತ್ತಿರದ ಎಳೆಗರಿಯೇ ಆದರೂ ಅದಕ್ಕಾಗಿ ಸುಳಿಗೆ ಕತ್ತಿ ತಾಗಿಸುವುದು ಮರವನ್ನೇ ಪಣಕ್ಕಿಟ್ಟಂತೆ. ಗರಿದಿಂಡಿನಿಂದ ಪೆಟ್ಟಿಗೆ, ಬೇಲಿ, ಚಪ್ಪರದ ಗಳುಗಳಾಗುತ್ತವೆ. ಗರಿಬುಡವನ್ನು ಸುತ್ತಿರುವ ಬಲೆಯಂತಹ ನಾರಿನಿಂದ ಹಗ್ಗವಾಗುತ್ತದೆ.

ತಕ್ಷಣ ಗಮನಿಸಬೇಕಾದ ಅಪಾಯದ ಗುರುತುಗಳು

ಕಾಂಡದಿಂದ ಕಂದು ಬಣ್ಣದ ಅಂಟುದ್ರವ ಒಸರಿ ಹುಳಿವಾಸನೆ ಬರುವುದು, ಅಗಿದ ನಾರಿನ ಉಂಡೆಗಳು ಬುಡದಲ್ಲಿ ಬೀಳುವುದು, ಕಾಂಡಕ್ಕೆ ಕಿವಿಯಿಟ್ಟಾಗ ಕರಕರ ಸದ್ದು ಕೇಳುವುದು, ನಡುವಿನ ಗರಿಗಳು ಒಂದೆಡೆ ವಾಲುವುದು ಕೆಂಪು ಮೂತಿಹುಳುವಿನ ಲಕ್ಷಣಗಳು. ಅದರ ಮರಿಗಳು ಕಾಂಡದೊಳಗೇ ತಿನ್ನುವುದರಿಂದ ಹೊರಗೆ ಗುರುತು ಕಾಣುವ ಹೊತ್ತಿಗೆ ಬಹಳಷ್ಟು ಹಾನಿಯಾಗಿರುತ್ತದೆ. ಈ ಹುಳು ಬರುವುದು ಹಸಿ ಗಾಯದ ವಾಸನೆ ಹಿಡಿದು. ಆದ್ದರಿಂದ ಕಂದು ಬೇರ್ಪಡಿಸುವುದು, ಹಸಿ ಗರಿಬುಡ ಕತ್ತರಿಸುವುದು ಮುಂತಾದ ಕೆಲಸಗಳನ್ನು ತಂಪಿನ ದಿನಗಳಲ್ಲಿ ಮಾಡಿ, ಗಾಯಕ್ಕೆ ಕೂಡಲೇ ಔಷಧ ಬಳಿದು ಮುಚ್ಚಬೇಕು. ಬಿಚ್ಚಿದ ಹೊಸ ಗರಿಗಳಲ್ಲಿ ಕತ್ತರಿಯಿಂದ ಕತ್ತರಿಸಿದಂತೆ ತ್ರಿಕೋನಾಕಾರದ ಕಚ್ಚುಗಳಿದ್ದರೆ ಅದು ಕುರುವಾಯಿ ದುಂಬಿ. ಅದು ಕೊರೆದ ತೂತನ್ನೇ ಮೂತಿಹುಳು ಬಾಗಿಲು ಮಾಡಿಕೊಳ್ಳುವುದರಿಂದ ಅದನ್ನೂ ಅಲಕ್ಷಿಸುವಂತಿಲ್ಲ.

ಬೇರೆಡೆಯಿಂದ ಕಂದು ತರುವಾಗ ತಾಯಿಮರದಲ್ಲಿ ಈ ಗುರುತುಗಳಿವೆಯೇ ಎಂದು ಸ್ವತಃ ನೋಡಬೇಕು. ರೋಗ ಮತ್ತು ಹುಳುಗಳು ದೂರದೂರಕ್ಕೆ ಹರಡಿರುವುದು ಬಹುಪಾಲು ಸಸಿಗಳ ಜೊತೆಗೇ.

ಕೊಯ್ಲಿನ ನಂತರ

ಹಣ್ಣು ಇಳಿಸಿದ ಮೇಲೆ ಉಳಿದ ಒಣ ದಿಂಡುಗಳನ್ನು ಬುಡದವರೆಗೆ ಕತ್ತರಿಸಿ, ನೆಲಕ್ಕೆ ಬಿದ್ದ ಹಣ್ಣುಗಳನ್ನು ಒಟ್ಟುಗೂಡಿಸಿ ಆಳವಾಗಿ ಹೂಳಬೇಕು. ಮುಂದಿನ ಋತುವಿನ ಕೀಟಗಳು ಅವುಗಳಲ್ಲೇ ಉಳಿದುಕೊಳ್ಳುತ್ತವೆ. ಗೊಬ್ಬರ ಹಾಕಬೇಕೆಂದಿದ್ದವರು ಈಗ ಕೊಳೆತ ಕೊಟ್ಟಿಗೆ ಗೊಬ್ಬರವನ್ನು ಕಾಂಡದಿಂದ ಒಂದು ಮೀಟರ್ ದೂರದ ಪಾತಿಯಲ್ಲಿ ಹಾಕಬಹುದು. ನೋಟ್‌ಬುಕ್ಕಿನಲ್ಲಿ ಮೊದಲ ಹೊಂಬಾಳೆ ಬಿರಿದ ದಿನಾಂಕದ ಕೆಳಗೆ ಗೆರೆ ಎಳೆದು, ಮುಂದಿನ ವರ್ಷ ಅದಕ್ಕಿಂತ ಮೂರು ವಾರ ಮೊದಲೇ ಏಣಿ, ಕುಂಚ, ಪರಾಗದ ಸೀಸೆಗಳನ್ನು ಸಿದ್ಧವಾಗಿಟ್ಟುಕೊಳ್ಳಿ.